ವಾರ್‌ಗೇಮ್ ಟೆರೇನ್‌ಗೆ ಎಕ್ಸ್‌ಪಿಎಸ್ ಶೀಟ್: ಥರ್ಮಾಕೋಲ್ ಬಿಟ್ಟು ಇದಕ್ಕೆ ದುಡ್ಡು ಹಾಕ್ಬೋದಾ?

ನೇರವಾಗಿ ಹೇಳ್ಬಿಡ್ತೀನಿ. ಮನೇಲೇ ಟೆರೇನ್, ಅಂದ್ರೆ ಯುದ್ಧದಾಟದ ಮೇಜಿನ ಮೇಲಿಡೋ ಗುಡ್ಡ ಗೋಡೆ, ಮಾಡೋಕೆ ಹೊರಟಿರೋರು ಒಂದೇ ಒಂದು ಸಾಮಾನಿಗೆ ಕೈಯಿಂದ ದುಡ್ಡು ಬಿಚ್ಬೇಕು ಅಂದ್ರೆ ಅದು ಎಕ್ಸ್‌ಪಿಎಸ್ ಶೀಟಿಗೆ, ಅಂದ್ರೆ ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್ ಅನ್ನೋ ಗಟ್ಟಿ ಫೋಮ್ ಹಲಗೆಗೆ. ಬಣ್ಣಕ್ಕಲ್ಲ, ದುಬಾರಿ ಬ್ರಷ್ಷಿಗಲ್ಲ, ಚಿಕ್ಕ ಚಿಕ್ಕ ಡಬ್ಬೀಲಿ ಹಾಕಿ ಮಾರೋ ಹುಲ್ಲಿನ ಪುಡಿಗಂತೂ ಖಂಡಿತ ಅಲ್ಲ. ಉಳಿದಿದ್ದೆಲ್ಲ ಅಡುಗೆಮನೆ, ಹಾರ್ಡ್‌ವೇರ್ ಅಂಗಡಿ, ಪಕ್ಕದ ರಸ್ತೇಲಿ ಮನೆ ಕಟ್ತಿರೋ ಜಾಗ, ಇಷ್ಟರಲ್ಲೇ ಸಿಕ್ಬಿಡತ್ತೆ. ಥರ್ಮಾಕೋಲು, ಸನ್‌ಬೋರ್ಡು (ತೆಳು ಪ್ಲಾಸ್ಟಿಕ್ ಫೋಮ್ ಹಲಗೆ), ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಎಲ್ಲಾನೂ ಪಕ್ಕಪಕ್ಕ ಇಟ್ಕೊಂಡು ಕೆಲಸ ಮಾಡಿ ನೋಡಿದೀನಿ, ಹಾಗಾಗಿ ಶೀಟಿನ ರಿವ್ಯೂ ಅಂತ ಶುರು ಮಾಡಿದ್ರೂ ಅದರ ಜೊತೆಗೆ ಬೇಕಾಗೋ ಅಂಟು, ಬಣ್ಣ, ಮಣ್ಣು ಎಲ್ಲದರ ಬಗ್ಗೆನೂ ಬರೀತೀನಿ.

ಈ ಹವ್ಯಾಸ ಗೊತ್ತಿಲ್ದೇ ಇರೋರಿಗೆ ಎರಡು ಮಾತು. ಟೇಬಲ್‌ಟಾಪ್ ವಾರ್‌ಗೇಮ್ ಅಂದ್ರೆ ದೊಡ್ಡ ಮೇಜಿನ ಮೇಲೆ ಸಣ್ಣ ಸೈನಿಕರ ಗೊಂಬೆ ಇಟ್ಟು, ಟೇಪಲ್ಲಿ ಇಂಚು ಅಳೆದು ನಡೆಸಿ, ದಾಳ ಹಾಕಿ ಆಡೋ ಯುದ್ಧದಾಟ. ವಾರ್‌ಹ್ಯಾಮರ್ 40,000 ಹೆಸರು ಕೇಳಿರ್ತೀರ, ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ 1987ರಲ್ಲಿ ತಂದಿದ್ದು. ನಮ್ಮ ಗುಂಪಲ್ಲಿ ಅದಕ್ಕಿಂತ ಜಾಸ್ತಿ ಒನ್ ಪೇಜ್ ರೂಲ್ಸ್ ಆಡ್ತೀವಿ, ಯಾಕಂದ್ರೆ ಅದರ ಮೂಲ ನಿಯಮಗಳು ಫ್ರೀ, ಯಾವ ಕಂಪನಿ ಗೊಂಬೆ ಇಟ್ರೂ ನಡೆಯತ್ತೆ. ಗೊಂಬೆ ಸಾಮಾನ್ಯವಾಗಿ 28 ಎಂಎಂ ಸ್ಕೇಲಿಂದು, ಅಂದ್ರೆ ಒಬ್ಬ ಮನುಷ್ಯ ಸುಮಾರು 28 ಎಂಎಂ ಎತ್ತರ. ಟೆರೇನ್ ಅಂದ್ರೆ ಆ ಮೇಜಿನ ಮೇಲಿರೋ ಗುಡ್ಡ, ಬಂಡೆ, ಗೋಡೆ, ಪಾಳು ಮನೆ, ಕಾಡು.

ಟೆರೇನ್ ಬರೀ ಅಂದಕ್ಕೆ ಇರೋದು ಅಂತ ತುಂಬಾ ಜನ ಅನ್ಕೊಂಡಿದಾರೆ, ಅದು ಸರಿಯಲ್ಲ. ಖಾಲಿ ಮೇಜಿನ ಮೇಲೆ ಆಡಿದ್ರೆ ದೂರದಿಂದ ಗುಂಡು ಹೊಡೆಯೋ ಸೈನ್ಯ ಮೊದಲ ಎರಡು ಟರ್ನಲ್ಲೇ ಎದುರಿನವರನ್ನ ಮುಗಿಸಿಬಿಡತ್ತೆ, ಕತ್ತಿ ಹಿಡ್ಕೊಂಡು ಓಡಿ ಬರೋ ಸೈನ್ಯಕ್ಕೆ ಅಡಗೋಕೆ ಜಾಗನೇ ಇರಲ್ಲ. ಎದುರಾಳಿ ಕಣ್ಣಿಗೆ ಬೀಳದ ಹಾಗೆ ಮರೆ ಇರ್ಬೇಕು, ಆಗಲೇ ಆಟಕ್ಕೆ ಯೋಚನೆ ಬರೋದು. ಮೇಜಿನ ಕಾಲು ಭಾಗ ಆದ್ರೂ ಟೆರೇನ್ ಇರ್ಬೇಕು ಅನ್ನೋದು ಸಾಮಾನ್ಯ ಲೆಕ್ಕ. ಆರಡಿ ನಾಲ್ಕಡಿ ಮೇಜು ಅಂದ್ರೆ 24 ಚದರಡಿ, ಅದರ ಕಾಲು ಭಾಗ 6 ಚದರಡಿ. ಎಕ್ಸ್‌ಪಿಎಸ್ ಶೀಟು ನಮ್ಮಲ್ಲಿ ಬರೋದು 1250 ಎಂಎಂ ಉದ್ದ 600 ಎಂಎಂ ಅಗಲ, ಅಂದ್ರೆ ಹತ್ತಿರ ಹತ್ತಿರ 8 ಚದರಡಿ. ಒಂದೇ ಶೀಟಿನ ನೆಲ ಅಳತೆ ಮೇಜಿನ ಕಾಲು ಭಾಗ ಮುಚ್ಚಿ ಇನ್ನೂ ಮಿಗತ್ತೆ, ಗೋಡೆ ಎಬ್ಬಿಸೋಕೆ ಇನ್ನೊಂದು ಶೀಟು ತಗೊಂಡ್ರೆ ಒಂದು ಪೂರ್ತಿ ಮೇಜು ರೆಡಿ. ನಾನು 50 ಎಂಎಂ ದಪ್ಪದ ಶೀಟಿಗೆ ಕೊಟ್ಟಿದ್ದು ಐನೂರರ ಆಸುಪಾಸು, ಅಂಗಡಿಯಿಂದ ಅಂಗಡಿಗೆ ಇದು ಮೇಲೆ ಕೆಳಗೆ ಆಗತ್ತೆ.

ಈಗ ಇದನ್ನ ಹೊರಗಿಂದ ತರ್ಸೋ ರೆಡಿಮೇಡ್ ಟೆರೇನ್ ಜೊತೆ ಇಟ್ಟು ನೋಡಿ. ಒಂದು ಪಾಳು ಕಟ್ಟಡದ ಪ್ಲಾಸ್ಟಿಕ್ ಕಿಟ್ಟಿಗೇ ಸಾವಿರಗಟ್ಟಲೆ, ಮೇಜು ತುಂಬಬೇಕು ಅಂದ್ರೆ ಅಂಥದ್ದು ಐದಾರು ಬೇಕು. ಆಟಿಕೆಗಳ ಮೇಲಿನ ಕಸ್ಟಮ್ಸ್ ಸುಂಕ 2020ರಲ್ಲಿ ಶೇ 20ರಿಂದ ಶೇ 60ಕ್ಕೆ ಏರ್ತು, 2023ರಲ್ಲಿ ಶೇ 70 ಆಯ್ತು, ಪಾರ್ಸೆಲ್ ತರ್ಸೋರಿಗೆ ಆ ಬಿಸಿ ಚೆನ್ನಾಗಿ ಗೊತ್ತು. ಗೊಂಬೆಗೇ ಅಷ್ಟು ದುಡ್ಡು ಹೋಗೋವಾಗ ಕಲ್ಲು ಮಣ್ಣಿಗೂ ಡಾಲರ್ ಲೆಕ್ಕದಲ್ಲಿ ಕೊಡೋದು ನನ್ನ ಮನಸ್ಸಿಗೆ ಒಪ್ಪಲ್ಲ.

ಮೊದಲು ಥರ್ಮಾಕೋಲ್ ವಿಷಯ ಮುಗಿಸ್ತೀನಿ, ಎಲ್ಲರೂ ಶುರು ಮಾಡೋದು ಅಲ್ಲಿಂದಲೇ ತಾನೇ. ಸ್ಕೂಲ್ ಪ್ರಾಜೆಕ್ಟು, ಗಣೇಶನ ಮಂಟಪ ಎಲ್ಲದರಲ್ಲೂ ಕತ್ತರಿಸಿ ಅಭ್ಯಾಸ ಇರತ್ತೆ. ಆದ್ರೆ 2022ರ ಜುಲೈ 1ರಿಂದ ಕೇಂದ್ರ ಸರ್ಕಾರ ನಿಷೇಧ ಮಾಡಿರೋ ಒಮ್ಮೆ ಬಳಸಿ ಎಸೆಯೋ ಪ್ಲಾಸ್ಟಿಕ್ ಪಟ್ಟೀಲಿ ಅಲಂಕಾರದ ಥರ್ಮಾಕೋಲ್ ಕೂಡ ಇದೆ, ಹಾಗಾಗಿ ಅದನ್ನ ಹೊಸದಾಗಿ ಹುಡ್ಕೊಂಡು ಹೋಗಿ ಕೊಳ್ಳೋದ್ರಲ್ಲಿ ಅರ್ಥ ಇಲ್ಲ. ಟಿವಿ, ಫ್ರಿಜ್ ಬಂದಾಗ ಪ್ಯಾಕಿಂಗಲ್ಲಿ ಬರೋ ಥರ್ಮಾಕೋಲ್ ಇದ್ಯಲ್ಲ, ಅದನ್ನ ಮಾತ್ರ ಬಿಡ್ಬೇಡಿ. ಹೇಗಿದ್ರೂ ಕಸಕ್ಕೆ ಹೋಗೋದು, ದೊಡ್ಡ ಗುಡ್ಡದ ಒಳಗಡೆ ತುಂಬೋಕೆ ಅದು ಸಾಕು. ಹೊರಗಡೆ ಕಾಣೋ ಮೈಗೆ ಮಾತ್ರ ಅದು ಆಗಲ್ಲ. ಥರ್ಮಾಕೋಲ್ ಅಂದ್ರೆ ಉಬ್ಬಿದ ಕಾಳುಗಳನ್ನ ಅಚ್ಚಲ್ಲಿ ಒತ್ತಿ ಅಂಟಿಸಿರೋದು, ಬ್ಲೇಡ್ ಹಾಕಿದ ತಕ್ಷಣ ಕಾಳು ಕಾಳಾಗಿ ಉದುರತ್ತೆ, ಮನೆ ತುಂಬಾ ಹಾರಾಡತ್ತೆ, ಬಟ್ಟೆಗೆಲ್ಲ ಅಂಟ್ಕೊಳ್ಳತ್ತೆ. ಅದರ ಮೇಲೆ ಇಟ್ಟಿಗೆ ಗೆರೆ ಎಳೀತೀನಿ ಅಂದ್ರೆ ಪೆನ್ನು ಕಾಳಿಂದ ಕಾಳಿಗೆ ಜಾರಿ ಎಲ್ಲೆಲ್ಲೋ ಹೋಗತ್ತೆ.

ಎಕ್ಸ್‌ಪಿಎಸ್ ಕೂಡ ಅದೇ ಪಾಲಿಸ್ಟೈರೀನ್, ಮಾಡೋ ರೀತಿ ಬೇರೆ. ಕರಗಿಸಿದ ಪ್ಲಾಸ್ಟಿಕ್ಕಿಗೆ ಗ್ಯಾಸ್ ಸೇರಿಸಿ ಒಂದೇ ಹರಿವಲ್ಲಿ ಅಚ್ಚಿಂದ ಹೊರಗೆ ತಳ್ತಾರೆ, ಹಾಗಾಗಿ ಒಳಗೆ ಕಾಳು ಅನ್ನೋದೇ ಇಲ್ಲ, ಪೂರ್ತಿ ಒಂದೇ ಸಮ, ಸಣ್ಣ ಸಣ್ಣ ಮುಚ್ಚಿದ ಗುಳ್ಳೆಗಳು. ಚೂಪು ಬ್ಲೇಡಲ್ಲಿ ಕೊಯ್ದ್ರೆ ಮೆತ್ತಗಿರೋ ಮೈಸೂರು ಪಾಕ್ ಕೊಯ್ದಂಗೆ ನೀಟಾಗಿ ಬರತ್ತೆ, ಒತ್ತಿದ ಗುರುತು ಒತ್ತಿದ ಜಾಗದಲ್ಲೇ ನಿಲ್ಲತ್ತೆ. ಈ ಕೊನೇ ಗುಣಕ್ಕೇ ನಾನು ದುಡ್ಡು ಕೊಡೋದು.

ಸಿಗೋದೆಲ್ಲಿ ಅಂದ್ರೆ, ಇದನ್ನ ಕ್ರಾಫ್ಟ್ ಅಂಗಡೀಲಿ ಹುಡುಕೋಕೆ ಹೋಗ್ಬೇಡಿ. ಅಲ್ಲಿ ಇದ್ರೂ ಅಂಗೈ ಅಗಲದ ತುಂಡಿಗೆ ಸಿಕ್ಕಾಪಟ್ಟೆ ರೇಟು. ಇದು ಕಟ್ಟಡದ ಸಾಮಾನು, ಟೆರೇಸ್ ಮೇಲೆ ಬಿಸಿಲಿನ ಶಾಖ ತಡೆಯೋಕೆ, ಕೋಲ್ಡ್ ಸ್ಟೋರೇಜ್ ಗೋಡೆಗೆ ಹಾಕೋದು. ಬೆಂಗಳೂರಲ್ಲಿ ಪೀಣ್ಯ ಕಡೆ ಇನ್ಸುಲೇಷನ್ ಸಾಮಾನಿನ ಡೀಲರ್‌ಗಳನ್ನ ವಿಚಾರಿಸಿ, ಬೇರೆ ಊರಲ್ಲಾದ್ರೆ ವಾಟರ್‌ಪ್ರೂಫಿಂಗ್ ಕಂಟ್ರಾಕ್ಟರ್ ಯಾರಾದ್ರೂ ಇದ್ರೆ ಅವರನ್ನೇ ಕೇಳಿ. ನಾನು ಹೋದ ಅಂಗಡೀಲಿ ಮೊದಲನೇ ಪ್ರಶ್ನೆನೇ "ಎಷ್ಟು ಸ್ಕ್ವೇರ್ ಫೀಟ್ ಸಾರ್, ಟೆರೇಸಿಗಾ?" ಅಂತ. ಎರಡೇ ಶೀಟು ಅಂದಾಗ ಅವರು "ಬಂಡಲ್ ಒಡೆಯಲ್ಲ ಸಾರ್" ಅಂದ್ರು, ಆಮೇಲೆ ಗೊಂಬೆ ಇಡೋಕೆ ಕೋಟೆ ಮಾಡ್ಬೇಕು ಅಂತ ವಿವರಿಸಿ ಫೋನಲ್ಲಿ ಫೋಟೋ ತೋರಿಸ್ದೆ. ಹಿಂದೆ ಗೋಡೌನಿಗೆ ಕರ್ಕೊಂಡು ಹೋಗಿ ಮೂಲೆ ಮುರಿದಿರೋ ಶೀಟುಗಳನ್ನ ತೋರ್ಸಿ "ಇದ್ರಲ್ಲಿ ಯಾವ್ದು ಬೇಕೋ ನೋಡ್ಕೊಳಿ, ರೇಟ್ ಕಮ್ಮಿ ಮಾಡ್ಕೊಡ್ತೀನಿ" ಅಂದ್ರು. ನಮಗೆ ಮೂಲೆ ಮುರಿದಿದ್ರೆ ಏನೂ ನಷ್ಟ ಇಲ್ಲ, ಬಂಡೆ ಮಾಡೋಕೆ ಅದೇ ಒಳ್ಳೇದು. ಹಾಗಾಗಿ ಡ್ಯಾಮೇಜ್ ಪೀಸ್ ಇದ್ಯಾ ಅಂತ ಬಾಯಿಬಿಟ್ಟು ಕೇಳಿ, ನಾಚ್ಕೋಬೇಡಿ.

ಕೊಳ್ಳೋವಾಗ ನೋಡ್ಬೇಕಾದ ಎರಡು ವಿಷಯ ಇದೆ. ಒಂದು, ಬಣ್ಣ. ಪಿಂಕು, ನೀಲಿ, ಹಸಿರು ಅಂತ ಬರತ್ತೆ, ಅದು ಕಂಪನಿ ಗುರುತಷ್ಟೇ, ನಮ್ಮ ಕೆಲಸಕ್ಕೆ ವ್ಯತ್ಯಾಸ ಏನೂ ಇಲ್ಲ. ಇನ್ನೊಂದು, ಡೆನ್ಸಿಟಿ. ಒಂದು ಘನ ಮೀಟರಿಗೆ ಎಷ್ಟು ಕೆಜಿ ಅಂತ ಹೇಳ್ತಾರೆ, ಮೂವತ್ತರ ಆಸುಪಾಸು ಇರೋದು ಕೆತ್ತನೆಗೆ ಸರಿಹೋಗತ್ತೆ, ಅದಕ್ಕಿಂತ ಗಟ್ಟಿ ಇರೋದ್ರಲ್ಲಿ ಗೆರೆ ಎಳೆಯೋಕೆ ಕೈ ನೋಯತ್ತೆ. ಅಂಚು ನೇರ ಇರೋದು, ಒಂದರ ಮೇಲೊಂದು ಕೂರೋ ಥರ ಮೆಟ್ಟಿಲು ಅಂಚಿರೋದು ಎರಡೂ ಸಿಗತ್ತೆ, ನೇರದ್ದು ತಗೊಳ್ಳಿ, ಇಲ್ಲಾಂದ್ರೆ ಆ ಅಂಚು ವೇಸ್ಟ್. ತಗೊಂಡು ಬರೋದು ಮಾತ್ರ ಸ್ವಲ್ಪ ಫಜೀತಿ. ತೂಕ ಏನೂ ಇಲ್ಲ, ಆದ್ರೆ ನಾಲ್ಕಡಿ ಉದ್ದದ ಹಲಗೆ ಸ್ಕೂಟರ್ ಮೇಲೆ ಗಾಳಿಗೆ ಹಾಯಿ ಥರ ಎಳೆಯತ್ತೆ, ಅಂಗಡೀಲೇ ಅರ್ಧಕ್ಕೆ ಕತ್ತರಿಸಿಕೊಂಡು ಬನ್ನಿ ಇಲ್ಲಾ ಆಟೋ ಮಾಡ್ಕೊಳ್ಳಿ.

ಕತ್ತರಿಸೋಕೆ ಉದ್ದ ಬ್ಲೇಡಿನ ಪೇಪರ್ ಕಟ್ಟರ್ ಸಾಕು, 18 ಎಂಎಂ ಅಗಲದ್ದು, ತುದಿ ಮುರಿದು ಹೊಸದು ಮಾಡ್ಕೊಳ್ಳೋ ಥರದ್ದು. ಗುಟ್ಟು ಏನಂದ್ರೆ ಬ್ಲೇಡ್ ಮೊಂಡಾಗೋವರೆಗೂ ಕಾಯ್ಬಾರ್ದು, ಮೊಂಡು ಬ್ಲೇಡು ಕೊಯ್ಯಲ್ಲ, ಹರಿಯತ್ತೆ. ಆಗಾಗ ತುದಿ ಮುರೀತಾ ಇರಿ, ಬ್ಲೇಡಿಗೆ ಆಗೋ ಖರ್ಚು ಖರ್ಚೇ ಅಲ್ಲ. ಒಂದೇ ಸಲಕ್ಕೆ ಪೂರ್ತಿ ಆಳಕ್ಕೆ ಒತ್ತಬೇಡಿ, ಸ್ಟೀಲ್ ಸ್ಕೇಲ್ ಇಟ್ಟು ಎರಡು ಮೂರು ಸಲ ಎಳೆದ್ರೆ ಅಂಚು ಸಾಫಾಗಿ ಬರತ್ತೆ.

ಬಿಸಿ ತಂತಿ ಕಟ್ಟರ್ ಬಗ್ಗೆ ತುಂಬಾ ಜನ ಕೇಳ್ತಾರೆ. ಆನ್‌ಲೈನಲ್ಲಿ ಬರೋ ಬ್ಯಾಟರಿ ಹಾಕೋ ಚಿಕ್ಕವು ನನಗೆ ಇಷ್ಟ ಆಗಿಲ್ಲ, ಥರ್ಮಾಕೋಲಿಗೆ ಓಕೆ, 50 ಎಂಎಂ ಎಕ್ಸ್‌ಪಿಎಸ್ ಮಧ್ಯಕ್ಕೆ ಬರೋ ಹೊತ್ತಿಗೆ ತಂತಿ ತಣ್ಣಗಾಗಿ ಬಿಲ್ಲಿನ ಥರ ಬಾಗತ್ತೆ, ಗೆರೆ ಸೊಟ್ಟ. ಅದರ ಬದಲು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿಗೆ ಹೋಗಿ, ಚಿಕ್ಕಪೇಟೆ ಮೆಟ್ರೋ ಇಳಿದ್ರೆ ನಡೆಯೋ ದೂರ. ಅಲ್ಲಿ ಕರೆಂಟ್ ಹರಿದ್ರೆ ಬಿಸಿಯಾಗೋ ನೈಕ್ರೋಮ್ ತಂತಿ ಮೀಟರ್ ಲೆಕ್ಕದಲ್ಲಿ ಕೊಡ್ತಾರೆ, ವೋಲ್ಟೇಜ್ ಏರಿಸಿ ಇಳಿಸೋ ಅಡಾಪ್ಟರ್ ಸಿಗತ್ತೆ, ಒಂದು ಪ್ಲೈವುಡ್ ಹಲಗೆ ಮೇಲೆ ನಿಲ್ಸಿ ಸ್ಪ್ರಿಂಗ್ ಹಾಕಿ ಬಿಗಿದ್ರೆ ವರ್ಷಗಟ್ಟಲೆ ಬಾಳೋ ಕಟ್ಟರ್ ಆಯ್ತು. ಕರೆಂಟಿನ ಕೆಲಸ ಗೊತ್ತಿರೋರ ಕೈಲಿ ಮಾಡಿಸ್ಕೊಳ್ಳಿ. ತಂತಿ ಕೆಂಪಗೆ ಕಾಯೋವರೆಗೂ ಬಿಡ್ಬಾರ್ದು, ಫೋಮು ನಿಧಾನಕ್ಕೆ ತಾನಾಗೇ ಜಾರೋ ಅಷ್ಟು ಬಿಸಿ ಸಾಕು, ಜಾಸ್ತಿ ಆದ್ರೆ ಹೊಗೆ ಬರತ್ತೆ, ಆ ಹೊಗೆ ಒಳ್ಳೇದಲ್ಲ. ಬಾಲ್ಕನೀಲೋ ಟೆರೇಸಲ್ಲೋ ಗಾಳಿ ಆಡೋ ಕಡೆ ಕೂತು ಮಾಡಿ. ಉಜ್ಜುಕಾಗದ ಹಾಕಿ ತಿಕ್ಕೋವಾಗ್ಲೂ ಮಾಸ್ಕ್ ಬೇಕೇ ಬೇಕು, ಆ ಧೂಳು ತುಂಬಾ ಸಣ್ಣದು.

ಈಗ ನನಗೆ ಪ್ರೀತಿಯ ಭಾಗಕ್ಕೆ ಬರ್ತೀನಿ. ನಮ್ಮ ಗುಂಪಲ್ಲಿ ಇತಿಹಾಸದ ಯುದ್ಧ ಆಡೋರೂ ಇದಾರೆ, ಆಂಗ್ಲೋ-ಮೈಸೂರು ಯುದ್ಧ ಅವರಿಗೆ ಅಚ್ಚುಮೆಚ್ಚು. 1799ರ ಮೇ 4ರಂದು ಬ್ರಿಟಿಷರು ಕಾವೇರಿ ದಾಟಿ ಶ್ರೀರಂಗಪಟ್ಟಣದ ಕೋಟೆಯ ವಾಯುವ್ಯ ಮೂಲೆ ಹತ್ತಿರ ಫಿರಂಗಿಯಿಂದ ಒಡೆದಿದ್ದ ಜಾಗದಲ್ಲಿ ನುಗ್ಗಿದ್ರಲ್ಲ, ಆ ಒಡೆದ ಗೋಡೆಯನ್ನೇ ಮೇಜಿನ ಮೇಲೆ ತರ್ಬೇಕು ಅಂತ ಆಯ್ತು. ಈ ಥರದ ಪೀಸಿಗೆ ರೆಡಿಮೇಡ್ ಕಿಟ್ ಹುಡುಕಿದ್ರೆ ಯುರೋಪಿನ ಕೋಟೆಗಳೇ ಸಿಗೋದು, ನಮ್ಮ ಕಲ್ಲಿನ ಗೋಡೆ ನಾವೇ ಮಾಡ್ಕೋಬೇಕು.

50 ಎಂಎಂ ಶೀಟನ್ನ ಒಂದರ ಮೇಲೊಂದು ಎರಡು ಪದರ ಇಟ್ರೆ ಹತ್ತು ಸೆಂಟಿಮೀಟರ್ ಎತ್ತರದ ಗೋಡೆ. ಬ್ಲೇಡಲ್ಲಿ ಕೊಯ್ದು ನಯವಾಗಿರೋ ಮೈ ಮೇಲೆ ಇಂಕ್ ಮುಗಿದ ಬಾಲ್ ಪೆನ್ನಲ್ಲಿ ಕಲ್ಲಿನ ಗೆರೆ ಎಳೀಬೇಕು. ಇಂಕ್ ಇರೋ ಪೆನ್ನಾದ್ರೆ ಆಮೇಲೆ ಬಣ್ಣದ ಮೇಲೆ ನೀಲಿ ಕಲೆ ಎದ್ದು ಬರತ್ತೆ. ಮೊದಲು ಅಡ್ಡ ಗೆರೆ, ಸಾಲು ಒಂದೇ ಎತ್ತರ ಇರೋದು ಬೇಡ, ಆಮೇಲೆ ಉದ್ದ ಗೆರೆ, ಮೇಲಿನ ಸಾಲಿನ ಸಂದು ಕೆಳಗಿನ ಸಾಲಿನ ಸಂದಿನ ಮೇಲೆ ಬರಬಾರದು, ಗಾರೆ ಕೆಲಸದವರು ಗೋಡೆ ಕಟ್ಟೋ ಕ್ರಮಾನೇ ಇದು. ಗೆರೆ ಎಳೆದಾದ ಮೇಲೆ ಅದೇ ಪೆನ್ನಲ್ಲಿ ಎರಡನೇ ಸಲ ಸ್ವಲ್ಪ ಒತ್ತಿ ಹೋಗಿ, ಸಂದು ಅಗಲ ಆಗತ್ತೆ. ಇನ್ನು ಕಲ್ಲಿನ ಒರಟು ಮೈಗೆ ಅಲ್ಯೂಮಿನಿಯಂ ಫಾಯಿಲ್ ಸಾಕು. ಅಂಗೈಯಗಲ ಫಾಯಿಲ್ ಹರಿದು ಸಡಿಲವಾಗಿ ಉಂಡೆ ಮಾಡಿ, ಅದನ್ನ ಗೋಡೆ ಮೇಲೆ ಉರುಳಿಸ್ತಾ ಒತ್ತಿದ್ರೆ ಸಾವಿರ ಸಣ್ಣ ಮೂಲೆಗಳ ಗುರುತು ಬಿದ್ದು ಗ್ರಾನೈಟ್ ಮೈ ಆಗ್ಬಿಡತ್ತೆ. ಅಲ್ಲೊಂದು ಇಲ್ಲೊಂದು ಕಲ್ಲನ್ನ ಹೆಬ್ಬೆರಳಲ್ಲಿ ಒಳಗೆ ಒತ್ತಿ, ಒಂದೆರಡರ ಮೂಲೆ ಬ್ಲೇಡಲ್ಲಿ ಹಾರಿಸಿ. ಇಷ್ಟೂ ಮಾಡೋಕೆ ಆಗೋ ಸಾಮಾನಿನ ಖರ್ಚು ಏನೂ ಇಲ್ಲ ಅಂದ್ರೂ ನಡೆಯತ್ತೆ, ಬಣ್ಣ ಹಚ್ಚೋಕೆ ಮುಂಚೆನೇ ಅದು ಕಲ್ಲಿನ ಗೋಡೆ ಅಂತ ಕಣ್ಣು ಒಪ್ಕೊಳ್ಳತ್ತೆ.

ಒಡೆದ ಜಾಗವನ್ನ ಬ್ಲೇಡಲ್ಲಿ ಕತ್ತರಿಸ್ಲೇ ಬೇಡಿ, ಕೈಯಲ್ಲಿ ಮುರೀರಿ. ಎಕ್ಸ್‌ಪಿಎಸ್ ಮುರಿದಾಗ ಬರೋ ಒರಟು ಮೈ ಬೇರೆ ಯಾವ ರೀತೀಲೂ ಬರಲ್ಲ. ಮುರಿದು ಬಿದ್ದ ತುಂಡುಗಳನ್ನೇ ಕೆಳಗೆ ಇಳಿಜಾರಾಗಿ ರಾಶಿ ಹಾಕಿ ಅಂಟಿಸಿ, ಮಧ್ಯೆ ಮಧ್ಯೆ ಗೊಂಬೆ ನಿಲ್ಲೋ ಅಷ್ಟು ಸಮತಟ್ಟು ಜಾಗ ಬಿಡಿ. ಗೊಂಬೆಯ ಬೇಸ್, ಅಂದ್ರೆ ಕಾಲಡಿಯ ಬಿಲ್ಲೆ, 25 ಎಂಎಂ ಇದ್ರೆ ಮೆಟ್ಟಿಲು 30 ಎಂಎಂ ಆದ್ರೂ ಅಗಲ ಇರ್ಲಿ. ನೋಡೋಕೆ ಚೆನ್ನಾಗಿರೋ ಎಷ್ಟೋ ಟೆರೇನ್ ಈ ಒಂದು ವಿಷಯದಲ್ಲಿ ಸೋಲತ್ತೆ, ಗೊಂಬೆ ಇಟ್ರೆ ನಿಲ್ಲಲ್ಲ, ಜಾರಿ ಬಿದ್ದು ಬಣ್ಣ ಹೋಗತ್ತೆ.

ಇಟ್ಟಿಗೆ ಗೋಡೆ ಮಾಡೋರಿಗೆ ಒಂದು ಲೆಕ್ಕ. 28 ಎಂಎಂ ಸ್ಕೇಲ್ ಅಂದ್ರೆ ಸುಮಾರು 56ಕ್ಕೆ 1. ನಮ್ಮ ಒಂಬತ್ತಿಂಚಿನ ಇಟ್ಟಿಗೆ ಆ ಸ್ಕೇಲಲ್ಲಿ 4 ಎಂಎಂ ಉದ್ದ, ಒಂದೂವರೆ ಎಂಎಂಗಿಂತ ಕಮ್ಮಿ ಎತ್ತರ ಆಗತ್ತೆ. ಅಷ್ಟು ಸಣ್ಣದು ಕೈಯಲ್ಲಿ ಎಳೆಯೋಕೆ ಆಗಲ್ಲ, ಎಳೆದ್ರೂ ಮೂರಡಿ ದೂರದಿಂದ ಕಾಣಲ್ಲ. ಡಬಲ್ ಮಾಡಿ, 8 ಎಂಎಂ ಉದ್ದ 3 ಎಂಎಂ ಎತ್ತರ, ಮೇಜಿನ ಮೇಲೆ ಅದೇ ಸರಿಯಾಗಿ ಕಾಣೋದು. ಕರಾವಳಿ ಕಡೆಯ ಮುರಕಲ್ಲಿನ ಗೋಡೆ ಇನ್ನೂ ಸುಲಭ, ಕಲ್ಲು ದೊಡ್ಡದು, ಮೈ ತುಂಬಾ ತೂತು ಇರೋದ್ರಿಂದ ತಂತಿ ಬ್ರಷ್ಷಲ್ಲಿ ಚುಚ್ಚಿ ಚುಚ್ಚಿ ಬಿಟ್ರೆ ಆಯ್ತು. ಹಂಪಿ ಕಡೆ ಇರೋ ಗುಂಡು ಬಂಡೆಗಳಿಗೆ ಮಾತ್ರ ಸಮಯ ಬೇಕು, ಒರಟಾಗಿ ಕೆತ್ತಿ ಉಜ್ಜುಕಾಗದದಲ್ಲಿ ತಿಕ್ಕಿ ತಿಕ್ಕಿ ದುಂಡಗೆ ಮಾಡ್ಬೇಕು. ಆದ್ರೆ ಅಂಥ ನಾಲ್ಕೈದು ಬಂಡೆ ಒಂದರ ಮೇಲೊಂದು ಕೂರಿಸಿ ಮೇಜಿನ ಮಧ್ಯ ಇಟ್ರೆ ಆಚೆ ಇರೋರು ಈಚೆಗೆ ಕಾಣಲ್ಲ, ಆಟಕ್ಕೂ ಒಳ್ಳೇ ಮರೆ.

ಅಂಟು. ಬಡಗಿಗಳು ಬಳಸೋ ಬಿಳಿ ಫೆವಿಕಾಲ್ ಒಂದಿದ್ರೆ ಬೇರೇನೂ ಬೇಡ. ಆದ್ರೆ ಅದು ಒಣಗೋಕೆ ಗಾಳಿ ಬೇಕು, ಎರಡು ದೊಡ್ಡ ಫೋಮ್ ಹಲಗೆ ಮಧ್ಯೆ ಹಚ್ಚಿದ್ರೆ ಅಂಚು ಒಣಗಿ ಮಧ್ಯ ಹಸಿಯಾಗೇ ಇರತ್ತೆ, ಮಳೆಗಾಲದಲ್ಲಂತೂ ಕೇಳ್ಲೇಬೇಡಿ. ತೆಳ್ಳಗೆ ಹಚ್ಚಿ, ಟೂತ್‌ಪಿಕ್ ಚುಚ್ಚಿ ಹಿಡಿಸಿ, ಮೇಲೆ ಭಾರ ಇಟ್ಟು ಒಂದೆರಡು ದಿನ ಮುಟ್ಟಬೇಡಿ. ಅರ್ಜೆಂಟಿದ್ರೆ ಗ್ಲೂ ಗನ್, ಅದೂ ಬಿಸಿ ಕಮ್ಮಿ ಇರೋದು. ಚಪ್ಪಲಿ ಅಂಟಿಸೋ ರಬ್ಬರ್ ಅಂಟು, ಸೂಪರ್ ಗ್ಲೂ, ಸ್ಪ್ರೇ ಪೇಂಟ್ ಈ ಮೂರನ್ನ ಬರೀ ಫೋಮಿನ ಹತ್ತಿರ ತರಲೇಬೇಡಿ, ಅದರಲ್ಲಿರೋ ಕೆಮಿಕಲ್ಲು ಪಾಲಿಸ್ಟೈರೀನನ್ನ ಕರಗಿಸಿ ಗುಂಡಿ ಮಾಡಿಬಿಡತ್ತೆ.

ಅದಕ್ಕೇ ಬಣ್ಣಕ್ಕೆ ಮುಂಚೆ ಒಂದು ಕೋಟಿಂಗ್ ಬೇಕು. ಫೆವಿಕಾಲ್, ಕಪ್ಪು ಅಕ್ರಿಲಿಕ್ ಬಣ್ಣ, ಒಂದೆರಡು ಚಮಚ ವಾಲ್ ಪುಟ್ಟಿ, ಹಚ್ಚೋಕೆ ಬರೋ ಅಷ್ಟು ನೀರು, ದೋಸೆ ಹಿಟ್ಟಿಗಿಂತ ಸ್ವಲ್ಪ ತೆಳ್ಳಗೆ ಕಲಸಿ ಎರಡು ಕೋಟ್ ಕೊಡಿ. ಪುಟ್ಟಿ ಜಾಸ್ತಿ ಹಾಕಿದ್ರೆ ಕಷ್ಟಪಟ್ಟು ಎಳೆದ ಗೆರೆ ಎಲ್ಲಾ ಮುಚ್ಚಿಹೋಗತ್ತೆ, ಹುಷಾರು. ಒಣಗಿದ ಮೇಲೆ ಉಗುರು ತಾಗಿದ್ರೂ ಗುರುತು ಬೀಳದಷ್ಟು ಗಟ್ಟಿ ಆಗತ್ತೆ. ಈ ಕೋಟಿಂಗ್ ಇಲ್ದೇ ಇದ್ರೆ ಎಕ್ಸ್‌ಪಿಎಸ್‌ನ ದೊಡ್ಡ ದೋಷ ಕಾಣೋದು, ಮೂಲೆಗಳು ಬೇಗ ಜಜ್ಜಿ ಹೋಗತ್ತೆ.

ಬಣ್ಣದಲ್ಲಿ ದುಡ್ಡು ಉಳಿಸೋ ದಾರಿ ಪೇಂಟ್ ಅಂಗಡೀಲಿದೆ. ಗೊಂಬೆಗೆ ಹಚ್ಚೋ 12, 17 ಎಂಎಲ್‌ನ ಬಾಟಲಿಯನ್ನ ಗೋಡೆಗೆ ಬಂಡೆಗೆ ಸುರಿಯೋದು ಸುಮ್ನೆ ನಷ್ಟ. ಬಿಳಿ ಎಮಲ್ಷನ್ ಒಂದು ಸಣ್ಣ ಡಬ್ಬಿ, ಜೊತೆಗೆ ಸ್ಟೈನರ್ ಅಂತ ಸಣ್ಣ ಬಾಟಲಿ ಬರತ್ತಲ್ಲ, ಮನೆಗೆ ಬಣ್ಣ ಹೊಡೆಯೋರು ಶೇಡ್ ಬದಲಾಯಿಸೋಕೆ ಹನಿ ಹನಿ ಹಾಕ್ತಾರಲ್ಲ ಅದು. ಕಪ್ಪು, ಹಳದಿ ಆಕ್ಸೈಡ್, ಕಂದು ಇಷ್ಟು ತಗೊಂಡ್ರೆ ಕಲ್ಲು, ಮಣ್ಣು, ಧೂಳು, ಕೆಮ್ಮಣ್ಣು ಎಲ್ಲಾ ಬಣ್ಣ ಮನೇಲೇ ಕಲಸ್ಕೋಬೋದು. ಸ್ಟೈನರನ್ನ ಎಮಲ್ಷನ್ ಇಲ್ದೇ ಹಾಗೇ ಹಚ್ಬೇಡಿ, ಸರಿಯಾಗಿ ಒಣಗಲ್ಲ, ಕೈಗೆ ಅಂಟತ್ತೆ. ಗಾಢ ಬಣ್ಣಗಳಿಗೆ, ಹಸಿರಿಗೆ ಫೆವಿಕ್ರಿಲ್ ಅಕ್ರಿಲಿಕ್ ನಾನು ಬಳಸೋದು, ಸ್ಟೇಷನರಿ ಅಂಗಡಿಗಳಲ್ಲೇ ಸಿಗತ್ತೆ.

ಹಚ್ಚೋ ಕ್ರಮ: ಕಪ್ಪು ಕೋಟಿಂಗ್ ಮೇಲೆ ಗಾಢ ಬೂದು, ಒಣಗಿದ ಮೇಲೆ ನೀರಾದ ಕಂದು-ಕಪ್ಪು ಬಣ್ಣಕ್ಕೆ ಒಂದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಮೇಲಿಂದ ಸುರೀರಿ, ಸಂದಿಗೆಲ್ಲ ತಾನೇ ಹರ್ಕೊಂಡು ಹೋಗಿ ಕೂರತ್ತೆ. ಅದೂ ಒಣಗಿದ ಮೇಲೆ ಗೋಡೆಗೆ ಹೊಡೆಯೋ ಅಗಲ ಬ್ರಷ್ಷಿಗೆ ತಿಳಿ ಬೂದು ತಗೊಂಡು, ಹಳೇ ಬಟ್ಟೆ ಮೇಲೆ ಒರೆಸಿ ಒರೆಸಿ ಬ್ರಷ್ ಒಣಗಿದೆ ಅನ್ನೋ ಹಾಗೆ ಮಾಡಿ, ಮೈ ಮೇಲೆ ಸವರಿ. ಉಬ್ಬಿದ ಕಡೆ ಮಾತ್ರ ಬಣ್ಣ ಹತ್ತತ್ತೆ. ಫಾಯಿಲ್ ಉಂಡೆಯ ಸಣ್ಣ ಗುರುತುಗಳೆಲ್ಲ ಆಗ ಒಂದೊಂದಾಗಿ ಮೇಲೆ ಬರೋದು ನೋಡ್ಬೇಕು, ಈ ಹವ್ಯಾಸದಲ್ಲಿ ನನಗೆ ಅದಕ್ಕಿಂತ ಖುಷಿ ಕೊಡೋ ಕೆಲಸ ಇನ್ನೊಂದಿಲ್ಲ.

ನೆಲಕ್ಕೆ ಎಂ-ಸ್ಯಾಂಡ್. ಮನೆ ಕಟ್ತಿರೋ ಕಡೆ ಕೇಳಿದ್ರೆ ಒಂದು ಚೊಂಬು ಹಾಗೇ ಕೊಡ್ತಾರೆ. ತೊಳೆದು ಒಣಗಿಸಿ ಹಳೇ ಜರಡೀಲಿ ಆಡಿಸಿದ್ರೆ ಸಣ್ಣದು ಮಣ್ಣಿಗೆ, ದಪ್ಪದ್ದು ಜಲ್ಲಿಗೆ. ಹುಲ್ಲಿಗೆ ಸಾಮಿಲ್ಲಿನ ಮರದ ಹೊಟ್ಟು, ಹಸಿರು ಬಣ್ಣದ ನೀರಲ್ಲಿ ಕಲಸಿ ಪೇಪರ್ ಮೇಲೆ ಹರಡಿ ಬಿಸಿಲಿಗಿಟ್ರೆ ಆಯ್ತು, ಎರಡು ಮೂರು ಬೇರೆ ಬೇರೆ ಹಸಿರು ಮಾಡಿ ಬೆರೆಸಿ, ಒಂದೇ ಹಸಿರಾದ್ರೆ ಪ್ಲಾಸ್ಟಿಕ್ ಥರ ಕಾಣತ್ತೆ. ಎತ್ತರದ ಒಣ ಹುಲ್ಲಿಗೆ ತೆಂಗಿನ ನಾರು, ಬೇಲಿ ಗೂಟಕ್ಕೆ ಕಡ್ಡಿ ಪೊರಕೆಯ ಕಡ್ಡಿ, ಪೊದೆಗೆ ಪಾತ್ರೆ ತಿಕ್ಕೋ ಹಸಿರು ಸ್ಕ್ರಬ್ಬರ್ ಹರಿದು ಹಿಂಜಿದ್ದು. ಕಾಫಿ ಗಸಿ, ಟೀ ಪುಡಿ ಕಾಡಿನ ನೆಲಕ್ಕೆ ತುಂಬಾ ಚೆನ್ನಾಗಿರತ್ತೆ, ಆದ್ರೆ ಬಿಸಿಲಲ್ಲಿ ಗರಿಗರಿ ಒಣಗಿಸಿ ಹಾಕ್ಬೇಕು, ತೇವ ಉಳಿದ್ರೆ ಬೂಷ್ಟು ಬರತ್ತೆ. ದಸರಾ ಗೊಂಬೆ ಕೂರಿಸೋ ಮನೆಯವರಿಗೆ ಇದ್ಯಾವುದೂ ಹೊಸದಲ್ಲ, ರಾಗಿ ಮೊಳಕೆ ಬರ್ಸಿ ಗದ್ದೆ, ಪಾರ್ಕು ಮಾಡೋ ಅಜ್ಜಿ ಅಮ್ಮಂದಿರಿಗೆ ಈ ಕೆಲಸದ ಅರ್ಧ ವಿದ್ಯೆ ಮೊದಲೇ ಗೊತ್ತು. ನಮ್ಮನೇಲಿ ಹೊಟ್ಟಿಗೆ ಯಾವ ಹಸಿರು ಸರಿ ಅಂತ ಹೇಳೋದು ನಮ್ಮಮ್ಮನೇ.

ಇನ್ನು ಶೀಟಿನ ಕೊರತೆಗಳು. ತೂಕ ಇಲ್ಲದಿರೋದು ಇಲ್ಲಿ ಕಷ್ಟ, ಫ್ಯಾನ್ ಜೋರಾಗಿ ಹಾಕಿದ್ರೆ ಅಥವಾ ಅಂಗಿ ತೋಳು ತಾಗಿದ್ರೆ ಪೀಸು ಮೇಜಿನ ಮೇಲೆ ಸರಿಯತ್ತೆ, ಅಳತೆ ಎಲ್ಲಾ ಹಾಳು. 3 ಎಂಎಂ ಎಂಡಿಎಫ್ ತುಂಡನ್ನ ತಳಕ್ಕೆ ಅಂಟಿಸಿ, ಇಲ್ಲಾ ಉಳಿದ ಟೈಲ್ಸ್ ಚೂರನ್ನ ಒಳಗೆ ಹುದುಗಿಸಿ. ಸಣ್ಣ ತೆಳು ಭಾಗಗಳಿಗೆ, ಅಂದ್ರೆ ಕಿಟಕಿ ಚೌಕಟ್ಟು, ಕಂಬಿ, ಏಣಿ ಇಂಥವಕ್ಕೆ ಇದು ಆಗಲ್ಲ, ಮುರಿಯತ್ತೆ, ಅಲ್ಲಿ ಕಡ್ಡಿ ಅಥವಾ ದಪ್ಪ ಗ್ರೇ ಬೋರ್ಡ್ ಬಳಸಿ. ಒಂದೆರಡೇ ಶೀಟು ಕೊಡೋ ಅಂಗಡಿ ಹುಡುಕೋಕೆ ನಾಲ್ಕು ಫೋನ್ ಮಾಡ್ಬೇಕು. ಮನೆ ಚಿಕ್ಕದಿದ್ರೆ ಇಡೋಕೆ ಜಾಗನೂ ಸಮಸ್ಯೆ, ನಾನು ಪಾಳು ಮನೆಗಳನ್ನ ಒಂದರೊಳಗೊಂದು ಕೂರೋ ಹಾಗೆ ಬೇರೆ ಬೇರೆ ಸೈಜಲ್ಲಿ ಮಾಡ್ತೀನಿ.

ಬೇರೆ ದಾರಿಗಳಲ್ಲಿ 5 ಎಂಎಂ ಸನ್‌ಬೋರ್ಡ್ ಚಪ್ಪಟೆ ಆಧುನಿಕ ಕಟ್ಟಡಕ್ಕೆ ಪರವಾಗಿಲ್ಲ, ಕಲ್ಲಿನ ಮೈ ಅದರ ಮೇಲೆ ಬರಲ್ಲ. ಲೇಸರಲ್ಲಿ ಕತ್ತರಿಸಿದ ಎಂಡಿಎಫ್ ಕಿಟ್ಟುಗಳು ಗಟ್ಟಿಮುಟ್ಟು, ಬೇಗ ಜೋಡಿಸ್ಬೋದು, ಕ್ಲಬ್ಬಲ್ಲಿ ಹತ್ತು ಜನರ ಕೈಗೆ ಹೋಗೋ ಟೆರೇನ್‌ಗೆ ಅದೇ ಸರಿ ಅನ್ನೋದು ನನ್ನ ಅಭಿಪ್ರಾಯ. 3ಡಿ ಪ್ರಿಂಟರ್ ಇರೋರು ಬಾಗಿಲು, ಪೀಪಾಯಿ, ಫಿರಂಗಿ ಥರದ ಸಣ್ಣ ಸಾಮಾನು ಪ್ರಿಂಟ್ ಮಾಡಿ ಎಕ್ಸ್‌ಪಿಎಸ್ ಗೋಡೆಗೆ ಸೇರಿಸಿದ್ರೆ ತುಂಬಾ ಚೆನ್ನಾಗಿ ಬರತ್ತೆ, ಗುಡ್ಡಗಳನ್ನೆಲ್ಲ ಪ್ರಿಂಟ್ ಮಾಡ್ತಾ ಕೂತ್ರೆ ಸಮಯಾನೂ ಹೋಯ್ತು ಕರೆಂಟೂ ಹೋಯ್ತು.

ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಅರ್ಧ ಕಡಿಮೆ ಮಾಡಿದ್ದು ಬಿಡಿಯಾಗಿ ಸಿಗೋಕೆ ಇರೋ ಕಷ್ಟಕ್ಕೆ. ಮೊದಲನೇ ಸಲ ಮಾಡೋರು 50 ಎಂಎಂದು ಒಂದು, 25 ಎಂಎಂದು ಒಂದು ತಗೊಳ್ಳಿ, ತೆಳ್ಳಗಿರೋದು ಪಾಳು ಮನೆ ಗೋಡೆಗೆ, ದಪ್ಪದ್ದು ಗುಡ್ಡಕ್ಕೆ. ಮತ್ತೆ ಕತ್ತರಿಸಿ ಉಳಿದ ಚೂರನ್ನ ದಯವಿಟ್ಟು ಸುಡಬೇಡಿ, ಮೋರಿಗೂ ಹಾಕ್ಬೇಡಿ. ಚೀಲಕ್ಕೆ ತುಂಬಿಡಿ, ದೊಡ್ಡ ಚೂರು ಮುಂದಿನ ಗೋಡೆಯ ಇಟ್ಟಿಗೆ ರಾಶಿಗೆ ಬರತ್ತೆ, ಪುಡಿಯನ್ನ ಫೆವಿಕಾಲ್ ಜೊತೆ ಕಲಸಿದ್ರೆ ಬಂಡೆಗಳ ಸಂದು ತುಂಬೋಕೆ ಆಗತ್ತೆ, ನನ್ನ ಕೋಟೆ ಮುಂದಿನ ಕಂದಕದ ದಡ ಪೂರ್ತಿ ಆ ಪುಡಿಯಿಂದಲೇ ಆಗಿರೋದು.